ನೀರು ನೋಡಿ ಕಪ್ಪೆ ಹುಡುಕುವುದು: ಮಲೆನಾಡಿನ ಮೊದಲ ಮಳೆಗಳಲ್ಲಿ ಒಂದು ದಿನ

ವೈಶಾಖ ಮುಗಿಯುವ ಹೊತ್ತಿಗೆ ಮಲೆನಾಡಿನಲ್ಲಿ ಸಂಜೆಯ ಗುಡುಗುಮಳೆ ನಾಲ್ಕಾರು ಸಲ ಬಿದ್ದು, ಒಣಗಿದ್ದ ಹಳ್ಳಗಳ ಗುಂಡಿಗಳಲ್ಲಿ ನೀರು ನಿಲ್ಲತೊಡಗಿರುತ್ತದೆ. ಕಾಡು ಸುತ್ತಲು ಬರುವವರಲ್ಲಿ ಹೆಚ್ಚಿನವರು ಅಷ್ಟರೊಳಗೆ ಬಂದು ಹೋಗಿರುತ್ತಾರೆ. ಮಳೆ ಶುರುವಾದರೆ ಪ್ರಾಣಿಗಳು ಕಾಣುವುದಿಲ್ಲ ಎಂಬ ಮಾತು ಹುಲಿ, ಕಾಟಿಗಳ ಮಟ್ಟಿಗೆ ಬಹುಪಾಲು ಸರಿಯೂ ಹೌದು. ಕಪ್ಪೆಗಳ ವರ್ಷ ಮಾತ್ರ ಆರಂಭವಾಗುವುದೇ ಆಗ. ಬೇಸಿಗೆಯುದ್ದಕ್ಕೂ ಮಣ್ಣಿನಡಿ, ತರಗೆಲೆಯಡಿ, ಕಲ್ಲುಸಂದಿಗಳಲ್ಲಿ ಅಡಗಿದ್ದ ಜೀವಗಳು ಕೆಲವೇ ವಾರಗಳ ಅವಧಿಯಲ್ಲಿ ಹೊರಬಂದು, ಕೂಗಿ, ಜೊತೆ ಹುಡುಕಿ, ಮೊಟ್ಟೆಯಿಟ್ಟು ಮತ್ತೆ ಚದುರಿಹೋಗುತ್ತವೆ. ಈ ಕಾಲದಲ್ಲಿ ಒಂದು ಮಧ್ಯಾಹ್ನ, ಒಂದು ಸಂಜೆ ಮತ್ತು ಮಾರನೆಯ ಬೆಳಗನ್ನು ಬಿಡುವು ಮಾಡಿಕೊಂಡರೆ, ವರ್ಷದ ಬೇರೆ ಯಾವ ದಿನದಲ್ಲೂ ಕಾಣಸಿಗದಷ್ಟು ಬಗೆಯ ಕಪ್ಪೆಗಳನ್ನು ಒಂದೇ ಊರಿನ ಸುತ್ತಮುತ್ತ ನೋಡಬಹುದು.

ಕಪ್ಪೆ ನೋಡಲು ಹೊರಟವರು ಸಾಮಾನ್ಯವಾಗಿ ಟಾರ್ಚು ಹಿಡಿದು ಕಂಡಕಂಡಲ್ಲಿ ಬೆಳಕು ಹಾಯಿಸುತ್ತಾ ನಡೆಯುತ್ತಾರೆ. ಹಾಗೆ ನಡೆದರೆ ಕಾಲಡಿಯಿಂದ ಹಾರಿಹೋಗುವ ನಾಲ್ಕು ಕಪ್ಪೆಗಳು ಕಂಡಾವೇ ಹೊರತು ಅವು ಅಲ್ಲಿ ಏಕಿವೆ, ಏನು ಮಾಡುತ್ತಿವೆ ಎಂಬುದು ತಿಳಿಯುವುದಿಲ್ಲ. ಪ್ರತಿ ಕಪ್ಪೆಗೂ ತನ್ನದೇ ಆದ ನೀರಿದೆ. ಒಂದಕ್ಕೆ ನಿಂತ ಕೆಸರುನೀರು ಬೇಕು, ಇನ್ನೊಂದಕ್ಕೆ ಹರಿಯುವ ಹಳ್ಳ ಬೇಕು, ಮತ್ತೊಂದಕ್ಕೆ ಬಂಡೆಯ ಮೇಲೆ ಜಿನುಗುವ ತೆಳುವಾದ ನೀರಿನ ಪದರ ಸಾಕು, ಮಗದೊಂದಕ್ಕೆ ಎಲೆಯ ಮೇಲಿನ ತೇವವೇ ಸಾಕು. ನೀರನ್ನು ಓದಲು ಕಲಿತವರಿಗೆ ಕಪ್ಪೆ ಎಲ್ಲಿರಬೇಕೆಂಬುದು ಹಗಲಿನಲ್ಲಿಯೇ ಗೊತ್ತಾಗುತ್ತದೆ. ರಾತ್ರಿ ಅಲ್ಲಿಗೆ ಹೋಗಿ ಸುಮ್ಮನೆ ನಿಲ್ಲುವುದಷ್ಟೇ ಉಳಿಯುವ ಕೆಲಸ.

ದಿನವನ್ನು ಆರಿಸುವುದು

ಇದಕ್ಕೆ ಕ್ಯಾಲೆಂಡರಿನ ತಾರೀಖಿಗಿಂತ ರೈತರ ಮಳೆಲೆಕ್ಕ ಹೆಚ್ಚು ಉಪಯುಕ್ತ. ಭರಣಿ ಮಳೆ ಏಪ್ರಿಲ್ ಕೊನೆಯ ವಾರದಲ್ಲಿ, ಕೃತ್ತಿಕೆ ಮೇ ಎರಡನೆಯ ವಾರದಲ್ಲಿ, ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ ಹುಟ್ಟುತ್ತವೆ. ಮುಂಗಾರು ಮಾರುತ ಕೇರಳದ ಕರಾವಳಿಯನ್ನು ವಾಡಿಕೆಯಂತೆ ಜೂನ್ 1ರ ವೇಳೆಗೆ ಮುಟ್ಟಿ ಕೆಲವೇ ದಿನಗಳಲ್ಲಿ ಕರ್ನಾಟಕಕ್ಕೆ ಬರುತ್ತದೆ. ಕೃತ್ತಿಕೆಯ ಕೊನೆಯಿಂದ ಮೃಗಶಿರದ ಮೊದಲ ವಾರದವರೆಗಿನ ಅವಧಿ ಹೊಸಬರಿಗೆ ಅತ್ಯುತ್ತಮ. ಇನ್ನೂ ಮುಂಚೆ ಹೋದರೆ ಕೂಗುವ ಕಪ್ಪೆಗಳು ಕಡಿಮೆ. ಆರಿದ್ರೆ, ಪುನರ್ವಸು ಮಳೆಗಳು ಹಿಡಿದ ಮೇಲೆ ಹೋದರೆ ಮಳೆಯ ಸದ್ದಿನಲ್ಲಿ ಕೂಗು ಕೇಳಿಸುವುದೇ ಕಷ್ಟ, ಹಳ್ಳಗಳಿಗೆ ಇಳಿಯುವುದೂ ಅಪಾಯ. ಆಗುಂಬೆಯಂಥ ಕಡೆಗಳಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಎಚ್ಚರಿಕೆಯ ಅರ್ಥ ತಿಳಿಯುತ್ತದೆ.

ಈ ಅವಧಿಯೊಳಗೂ ಒಂದು ಆಯ್ಕೆಯಿದೆ. ಎರಡು ಸಂಜೆ ಒಂದರ ಹಿಂದೊಂದು ಒಳ್ಳೆಯ ಮಳೆಯಾಗಿ, ಮೂರನೆಯ ದಿನ ಗಾಳಿಯಿಲ್ಲದೆ ಸೆಕೆ ಹಿಡಿದಿದ್ದರೆ ಆ ರಾತ್ರಿಯನ್ನು ಬಿಡಬೇಡಿ. ಮಳೆ ಜೋರಾಗಿ ಸುರಿಯುವಾಗ ಹೋಗುವುದಕ್ಕಿಂತ, ಮಳೆ ನಿಂತು ಮರಗಳಿಂದ ಹನಿ ತೊಟ್ಟಿಕ್ಕುತ್ತಿರುವ ಹೊತ್ತಿನಲ್ಲಿ ಹೋಗುವುದು ಒಳ್ಳೆಯದು. ಗುಡುಗು ಮಿಂಚು ಇದ್ದರೆ ಮಾತ್ರ ಯಾವ ಕಪ್ಪೆಯ ಆಸೆಗೂ ಹೊರಡಬಾರದು. ಮುಂಗಾರಿಗೆ ಮುಂಚಿನ ಅಡ್ಡಮಳೆಯ ಕಾಲದ ಸಿಡಿಲು ಅಪಾಯಕಾರಿ. ಬೋಳುಗುಡ್ಡದ ಮೇಲಾಗಲಿ, ಒಂಟಿ ಮರದಡಿಯಲ್ಲಾಗಲಿ, ತೆರೆದ ಕೆರೆಯ ಏರಿಯ ಮೇಲಾಗಲಿ ನಿಲ್ಲುವ ಹೊತ್ತಲ್ಲ ಅದು.

ಜಾಗ ಮತ್ತು ಅನುಮತಿ

ಕಪ್ಪೆಗಾಗಿ ದಟ್ಟ ಕಾಡಿಗೇ ಹೋಗಬೇಕೆಂಬ ನಂಬಿಕೆಯನ್ನು ಬಿಡುವುದು ಒಳ್ಳೆಯದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಮತ್ತು ಮೀಸಲು ಅರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಅದರಲ್ಲೂ ಕತ್ತಲಾದ ಮೇಲೆ, ಕಾಲಿಡುವಂತಿಲ್ಲ. ತೀರ್ಥಹಳ್ಳಿ, ಸಾಗರ, ಸಿದ್ದಾಪುರ, ಶಿರಸಿ, ಕೊಪ್ಪ, ಶೃಂಗೇರಿ ಕಡೆಯ ಒಂದು ಸಾಧಾರಣ ಅಡಿಕೆ ತೋಟ, ಅದರ ಮೇಲ್ಬದಿಯ ಸೊಪ್ಪಿನ ಬೆಟ್ಟ, ನಡುವೆ ಹರಿಯುವ ಸಣ್ಣ ಹಳ್ಳ, ಕೆಳಗಿನ ಗದ್ದೆ, ಒಂದು ಕೆರೆ ಇವಿಷ್ಟು ಇದ್ದರೆ ನಮಗೆ ಬೇಕಾದ ಎಲ್ಲ ಬಗೆಯ ನೀರೂ ಅರ್ಧ ಕಿಲೋಮೀಟರಿನೊಳಗೆ ಸಿಕ್ಕಂತಾಯಿತು. ನೆಂಟರದೋ ಸ್ನೇಹಿತರದೋ ತೋಟವಾದರೆ ಇನ್ನೂ ಅನುಕೂಲ. ಬೇರೆಯವರದಾದರೆ ಹಗಲಿನಲ್ಲೇ ಮನೆಗೆ ಹೋಗಿ, ರಾತ್ರಿ ಎಲ್ಲಿ ಓಡಾಡುತ್ತೇವೆ, ಎಷ್ಟು ಜನ, ಎಷ್ಟು ಹೊತ್ತಿನವರೆಗೆ ಎಂಬುದನ್ನು ಯಜಮಾನರಿಗೆ ವಿವರವಾಗಿ ಹೇಳಿ ಒಪ್ಪಿಗೆ ಪಡೆಯಬೇಕು. ರಾತ್ರಿ ತೋಟದಲ್ಲಿ ಅಲೆದಾಡುವ ಅಪರಿಚಿತ ಬೆಳಕನ್ನು ಯಾವ ಊರಿನವರೂ ಸುಮ್ಮನೆ ನೋಡುತ್ತ ಕೂರುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿರುವ ದಿನವೇನಾದರೂ ಆಗಿದ್ದರೆ ಬೇರೆ ದಿನ ಬರುವುದು ಇಬ್ಬರಿಗೂ ಒಳಿತು.

ಅಲ್ಲಿಯ ಜನರನ್ನು ಮಾತನಾಡಿಸುವುದರಿಂದ ಇನ್ನೊಂದು ಲಾಭವೂ ಇದೆ. ಮೊದಲ ಮಳೆಯ ನೀರಿನ ಸೆಳೆತಕ್ಕೆ ಎದುರಾಗಿ ಹೊಳೆಯಿಂದ ಗದ್ದೆಗೆ ಏರಿಬರುವ ಹತ್ತುಮೀನನ್ನು ಹಿಡಿಯಲು ರಾತ್ರಿ ಹೊರಡುವವರು ಪ್ರತಿ ಊರಿನಲ್ಲೂ ಇರುತ್ತಾರೆ. ಯಾವ ಗದ್ದೆಯಲ್ಲಿ ಯಾವ ಮಳೆಗೆ ಕಪ್ಪೆ ಕೂಗುತ್ತದೆ, ಯಾವ ಕೆರೆಯ ಮೇಲಿನ ಮರದಲ್ಲಿ ನೊರೆ ತೂಗುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ. ಅವರ ಮಾತಿನ ಬೆಲೆ ಯಾವ ನಕ್ಷೆಗೂ ಇಲ್ಲ.

ಕೊಡಗು, ಸಕಲೇಶಪುರದ ಕಡೆಯ ಆನೆಗಳಿರುವ ಕಾಫಿ ತೋಟಗಳಲ್ಲಿ ಮಾತ್ರ ರಾತ್ರಿಯ ನಡಿಗೆ ಬೇಡವೇ ಬೇಡ. ಅಲ್ಲಿ ಮನೆಯಂಗಳದ ತೊಟ್ಟಿ, ಬೇಲಿಯಂಚಿನ ಪೊದೆಗಳಿಗೆ ತೃಪ್ತಿಪಡುವುದು ಲೇಸು.

ಯಾವ ನೀರು, ಯಾವ ಕಪ್ಪೆ

ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಜಾಗ ತಲುಪಿ, ಬೆಳಕಿರುವಾಗಲೇ ಇಡೀ ದಾರಿಯನ್ನು ಒಮ್ಮೆ ನಡೆದು ನೋಡಬೇಕು. ಬಾವಿ ಎಲ್ಲಿದೆ, ತೋಟದ ಬಸಿಗಾಲುವೆಗಳು ಎಷ್ಟು ಆಳ, ಸಂಕದ ಹಲಗೆ ಗಟ್ಟಿಯಾಗಿದೆಯೇ ಎಂಬುದು ಸುರಕ್ಷತೆಗೆ. ನೀರು ಎಲ್ಲೆಲ್ಲಿದೆ ಎಂಬುದು ಕಪ್ಪೆಗೆ.

ಮೊದಲು ನಿಂತ ನೀರನ್ನು ನೋಡೋಣ. ಗದ್ದೆಯ ಮೂಲೆ, ರಸ್ತೆಬದಿಯ ಹೊಂಡ, ದನದ ಹೆಜ್ಜೆಯಲ್ಲಿ ತುಂಬಿದ ನೀರು ಇವೆಲ್ಲ ಕೆಲವೇ ವಾರ ಇದ್ದು ಆರಿಹೋಗುವಂಥವು. ಇಲ್ಲಿ ಮೀನಿನ ಕಾಟವಿಲ್ಲ. ಆದರೆ ನೀರು ಬತ್ತುವುದರೊಳಗೆ ಮರಿಗಳು ಬೆಳೆದು ಹೊರಬರಬೇಕು. ಆದ್ದರಿಂದಲೇ ಇಲ್ಲಿನ ಕಪ್ಪೆಗಳಿಗೆ ಅಷ್ಟೊಂದು ಆತುರ. ಮೊದಲ ಭಾರಿ ಮಳೆಯ ಮರುದಿನ ಗದ್ದೆಗಳಲ್ಲಿ ಸೇರುವ ಗೋಂಕರುಗಪ್ಪೆಗಳನ್ನು ನೋಡಲು ರಾತ್ರಿಯವರೆಗೆ ಕಾಯಬೇಕಾಗಿಯೂ ಇಲ್ಲ. ವರ್ಷವಿಡೀ ಹಸಿರು ಕಂದು ಬಣ್ಣದಲ್ಲಿದ್ದ ಗಂಡುಗಳು ಆಗ ನಿಂಬೆ ಹಳದಿಗೆ ತಿರುಗಿ, ಗಂಟಲಿನ ಎರಡೂ ಪಕ್ಕದಲ್ಲಿ ಗಾಢ ನೀಲಿಯ ಚೀಲಗಳನ್ನು ಉಬ್ಬಿಸುತ್ತ, ಒಂದನ್ನೊಂದು ನೂಕಾಡುತ್ತ ಕೂಗುತ್ತವೆ. ಈ ಬಣ್ಣ ಉಳಿಯುವುದು ಕೂಡುವ ದಿನಗಳಲ್ಲಿ ಮಾತ್ರ. ಇವುಗಳ ಕಾಲಿಗಾಗಿ ನಡೆಯುತ್ತಿದ್ದ ರಫ್ತನ್ನು ಭಾರತ ಸರ್ಕಾರ 1987ರಲ್ಲಿ ನಿಷೇಧಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವುಗಳನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಅದೇ ಗದ್ದೆಯ ಬದುವಿನಿಂದ ಬಾಚಣಿಗೆಯ ಹಲ್ಲುಗಳ ಮೇಲೆ ಉಗುರೆಳೆದಂಥ ಸದ್ದು ಬಂದರೆ ಅದು ಕಿರುಬಾಯಿಯ ಸಣ್ಣ ಕಪ್ಪೆ. ಎರಡು ಸೆಂಟಿಮೀಟರ್ ಚಿಲ್ಲರೆ ಉದ್ದದ ದೇಹದಿಂದ ಅಷ್ಟು ಸದ್ದು ಹೊರಡುತ್ತದೆಂದು ಮೊದಲ ಸಲ ನೋಡಿದವರು ನಂಬುವುದು ಕಷ್ಟ. ಹೊಂಡದಲ್ಲಿ ಕಪ್ಪು ಮಣಿ ಪೋಣಿಸಿದ ಉದ್ದನೆಯ ಲೋಳೆಯ ದಾರಗಳು ಕಂಡರೆ ನೆಲಗಪ್ಪೆ ಅಲ್ಲಿ ಮೊಟ್ಟೆಯಿಟ್ಟು ಹೋಗಿದೆ ಎಂದು ತಿಳಿಯಿರಿ.

ಕರಾವಳಿಯ ಮುರಕಲ್ಲಿನ, ಎಂದರೆ ಲ್ಯಾಟರೈಟ್ ಕಲ್ಲಿನ, ಬಯಲುಗಳಲ್ಲಿ ನಿಲ್ಲುವ ನೀರು ಇನ್ನೊಂದು ಬಗೆ. ಉಡುಪಿ ಜಿಲ್ಲೆಯ ಮಣಿಪಾಲದ ಇಂಥ ಮುರಕಲ್ಲಿನ ನೆಲೆಯಿಂದಲೇ 2016ರಲ್ಲಿ ಒಂದು ಹೊಸ ಕಪ್ಪೆಯನ್ನು ವಿವರಿಸಿ, ಅದಕ್ಕೆ ಆ ಕಲ್ಲಿನ ಹೆಸರನ್ನೇ ಕೊಟ್ಟು ಮೈಕ್ರೊಹೈಲ ಲ್ಯಾಟರೈಟ್ ಎಂದು ಕರೆದರು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ ಈ ಕಪ್ಪೆಯ ಕೂಗನ್ನು ಕೇಳಿದವರು ಕೀಟದ್ದೆಂದೇ ತಿಳಿಯುತ್ತಾರೆ. ಪಾಳುಭೂಮಿ ಎಂದು ಸರ್ಕಾರಿ ಕಡತಗಳಲ್ಲಿ ಬರೆಯಲಾಗುವ ಬಯಲುಗಳಲ್ಲಿ ಏನಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇನ್ನು ಕೆರೆ. ಕೆರೆಯಲ್ಲಿ ನೀರಿನ ಮೇಲೆ ಕಣ್ಣಷ್ಟೇ ಹೊರಗಿಟ್ಟು ತೇಲುತ್ತ, ಹತ್ತಿರ ಹೋದರೆ ನೀರಿನ ಮೇಲ್ಮೈಯಲ್ಲೇ ಪುಟಿಯುತ್ತ ಓಡುವ ಕಪ್ಪೆ ಎಲ್ಲ ಕಡೆಯೂ ಇದೆ. ನಾವು ನೋಡಬೇಕಾದದ್ದು ನೀರನ್ನಲ್ಲ, ನೀರಿನ ಮೇಲೆ ಬಾಗಿದ ಕೊಂಬೆಗಳನ್ನು. ಮಲಬಾರ್ ಹಾರುಗಪ್ಪೆ ಮೊಟ್ಟೆಯಿಡುವುದು ಅಲ್ಲಿ. ಅಂಗೈ ಉದ್ದದ, ಎಳೆಯ ಎಲೆಯ ಹಸಿರಿನ ಈ ಕಪ್ಪೆಯ ಬೆರಳುಗಳ ನಡುವಿನ ಪೊರೆ ಕಿತ್ತಳೆ ಕೆಂಪು. ಮರದಿಂದ ಮರಕ್ಕೆ ಜಿಗಿಯುವಾಗ ಆ ಪೊರೆಗಳನ್ನು ಅಗಲಿಸಿ ಜಾರುತ್ತ ಇಳಿಯುತ್ತದೆ. ಮುಂಗಾರು ಹಿಡಿಯುತ್ತಿದ್ದಂತೆ ಗಂಡುಗಳು ಕೆರೆಯ ಸುತ್ತಣ ಮರಗಳಲ್ಲಿ ಸೇರುತ್ತವೆ. ಬೆನ್ನಿನ ಮೇಲೆ ಗಂಡನ್ನು ಹೊತ್ತ ಹೆಣ್ಣು ನೀರಿನ ಮೇಲೆ ಚಾಚಿದ ಕೊಂಬೆಗೆ ಬಂದು, ದ್ರವವೊಂದನ್ನು ಸ್ರವಿಸಿ, ಹಿಂಗಾಲುಗಳಿಂದ ಅದನ್ನು ಕಡೆದು ಕಡೆದು ನೊರೆ ಮಾಡುತ್ತದೆ. ಮೊಟ್ಟೆಗಳು ಆ ನೊರೆಯೊಳಗೆ ಬೀಳುತ್ತ ಹೋಗುತ್ತವೆ. ಸುತ್ತಲಿನ ಎಲೆಗಳೂ ನೊರೆಗೆ ಅಂಟಿಕೊಂಡು ಗೂಡು ಮುಚ್ಚಿದಂತಾಗುತ್ತದೆ. ಹೊರಮೈ ಗಾಳಿಗೆ ಒಣಗಿ ಬಿಗಿಯಾದರೂ ಒಳಗಿನ ತೇವ ಆರುವುದಿಲ್ಲ. ಸುಮಾರು ಒಂದು ವಾರ ಕಳೆದ ಮೇಲೆ ಮಳೆಗೆ ನೊರೆ ಕರಗಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಗೂಡು ಮಾಡುವುದನ್ನು ನೋಡುವ ಅದೃಷ್ಟ ಎಲ್ಲರಿಗೂ ಮೊದಲ ರಾತ್ರಿಯೇ ಸಿಗುವುದಿಲ್ಲ. ಹಾಗಾಗಿಯೇ ಮಾರನೆಯ ಬೆಳಗ್ಗೆ ಕೊಂಬೆಗಳನ್ನು ನೋಡಬೇಕು. ರಾತ್ರಿ ಕಟ್ಟಿದ ಹೊಸ ಗೂಡು ಆಗ ಬೆಳ್ಳಗೆ ಎದ್ದು ಕಾಣುತ್ತದೆ.

ಇದರ ಸಂಬಂಧಿ, ಮನೆಯ ಮರಗಪ್ಪೆ, ಇಷ್ಟೇ ಕೆಲಸವನ್ನು ನೀರಿನ ತೊಟ್ಟಿಯ ಗೋಡೆಯ ಮೇಲೆ ಮಾಡುತ್ತದೆ. ಬಚ್ಚಲುಮನೆಯ ಮೂಲೆಯಲ್ಲಿ ಬೇಸಿಗೆಯೆಲ್ಲ ಕೈಕಾಲು ಮಡಚಿ ಕೂತಿದ್ದ ಕಂದು ಕಪ್ಪೆ ಇದೇ. ಚಿಕ್ಕ ಮಕ್ಕಳಿದ್ದರೆ ಮೊದಲ ಪಾಠವನ್ನು ಇಲ್ಲಿಂದಲೇ ಆರಂಭಿಸಬಹುದು.

ಹಳ್ಳದ ನೀರಿನ ಕಪ್ಪೆಗಳು ಬೇರೆ. ನಿಧಾನವಾಗಿ ಹರಿಯುವ, ಮರದ ನೆರಳಿರುವ ಸಣ್ಣ ಹಳ್ಳಗಳ ಅಂಚಿನಲ್ಲಿ ಕುಂಬಾರ ಕಪ್ಪೆ ಇರುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ, ರಾಮಪತ್ರೆ ಮರಗಳ ಜೌಗು ಕಾಡಿನಿಂದ ಇದನ್ನು 2014ರಲ್ಲಿ ಹೊಸ ಪ್ರಭೇದವಾಗಿ ವಿವರಿಸಿದ ವಿಜ್ಞಾನಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಅದರ ವೈಜ್ಞಾನಿಕ ಹೆಸರಿನಲ್ಲೇ ಕುಂಬಾರ ಎಂಬ ಕನ್ನಡ ಪದವನ್ನಿಟ್ಟರು. ಹೆಣ್ಣು ನೀರಿನ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋದ ಮೇಲೆ, ಗಂಡು ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ತಂದು, ಹಿಂಗಾಲುಗಳ ಮೇಲೆ ಎದ್ದು ನಿಂತು, ಮೊಟ್ಟೆಗಳ ಮೇಲೆ ಅದನ್ನು ಮೆತ್ತುತ್ತದೆ. ಮೊಟ್ಟೆ ಕಾಣದಷ್ಟು ಮೆತ್ತಿದ ಮೇಲೆಯೇ ಅದರ ಕೆಲಸ ಮುಗಿಯುವುದು. ಹಳ್ಳದ ಬದಿಯ ಕಡ್ಡಿಗಳ ಮೇಲೆ ನೀರಿನಿಂದ ಸ್ವಲ್ಪ ಎತ್ತರದಲ್ಲಿ ಕೆಸರಿನ ಸಣ್ಣ ಮುದ್ದೆ ಕಂಡರೆ ಅದನ್ನು ಕೆದಕಿ ನೋಡಬಾರದು. ಹಳ್ಳದೊಳಗೆ ಬೂಟು ಹಾಕಿ ನಡೆಯಲೂಬಾರದು. ದಡದಿಂದ ನೋಡಿದಷ್ಟೇ ನೋಡಬೇಕು. ಇದೇ ಹಳ್ಳಗಳಲ್ಲಿ ಹಿಂಗಾಲು ಚಾಚಿ ಸನ್ನೆ ಮಾಡುವ ಕುಣಿಯುವ ಕಪ್ಪೆಗಳನ್ನೂ ನೋಡಬೇಕೆಂದು ಆಸೆಪಡುವವರು ಮತ್ತೊಮ್ಮೆ ಬರಬೇಕಾಗುತ್ತದೆ, ಏಕೆಂದರೆ ಮಳೆಯ ಅಬ್ಬರ ಇಳಿದು ಹಳ್ಳದ ನೀರು ತಗ್ಗುವ ಕಾಲ ಅವುಗಳದು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಇಂಥದೊಂದು ಕಪ್ಪೆಯನ್ನು 1937ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರು ವಿವರಿಸಿದ್ದರು, ಇಂದು ಅದು ಅಳಿವಿನಂಚಿನಲ್ಲಿದೆ.

ನೀರು ಎಂದು ಕರೆಯಲು ಅನುಮಾನವಾಗುವಷ್ಟು ಕಡಿಮೆ ನೀರಿನಲ್ಲಿಯೂ ಕಪ್ಪೆಯಿದೆ. ಘಟ್ಟದ ರಸ್ತೆ ಕಡಿದ ಕಡೆ, ಜಲಪಾತದ ಪಕ್ಕದಲ್ಲಿ, ಪಾಚಿ ಹಿಡಿದ ಬಂಡೆಯ ಮೇಲೆ ನೀರು ಜಿನುಗುತ್ತಿದ್ದರೆ ಅದರ ಮುಂದೆ ಹತ್ತು ನಿಮಿಷ ಕಣ್ಣು ನೆಟ್ಟು ನಿಲ್ಲಿ. ಬಂಡೆಯ ಬಣ್ಣದ್ದೇ ಗೊದಮೊಟ್ಟೆಗಳು ಅಲ್ಲಿ ಅಂಟಿಕೊಂಡು ಪಾಚಿ ಕೆರೆದು ತಿನ್ನುತ್ತಿರುತ್ತವೆ. ನೆರಳು ಬಿದ್ದರೆ ಉದ್ದನೆಯ ಬಾಲ ಬಡಿದು ಪುಟಿಯುತ್ತವೆ. ಇವು ಇಂಡಿರಾನ ಕುಲದ ಕಪ್ಪೆಗಳ ಮರಿಗಳು. ಗೊದಮೊಟ್ಟೆ ಎಂದರೆ ನೀರಿನಲ್ಲಿ ಈಜುವುದು ಎಂದು ಶಾಲೆಯಲ್ಲಿ ಕಲಿತದ್ದನ್ನು ತಿದ್ದಿಕೊಳ್ಳುವ ಈ ಅವಕಾಶ ಹಗಲು ಹೊತ್ತಿನಲ್ಲೇ, ಯಾವ ಸಲಕರಣೆಯೂ ಇಲ್ಲದೆ ಸಿಗುತ್ತದೆ.

ಕೊನೆಯದಾಗಿ ಪೊದೆಗಪ್ಪೆಗಳು. ಇವಕ್ಕೆ ಕೆರೆಯೂ ಬೇಡ, ಹಳ್ಳವೂ ಬೇಡ. ಎಲೆಯ ಮೇಲೆಯೋ ತೇವದ ಮಣ್ಣಿನಲ್ಲಿಯೋ ಮೊಟ್ಟೆಯಿಡುತ್ತವೆ; ಗೊದಮೊಟ್ಟೆಯ ಹಂತ ಮೊಟ್ಟೆಯೊಳಗೇ ಮುಗಿದು, ಹೊರಬರುವಾಗಲೇ ನಾಲ್ಕು ಕಾಲಿನ ಪುಟ್ಟ ಕಪ್ಪೆಯಾಗಿರುತ್ತದೆ. ಬೇಲಿಯ ಪೊದೆ, ಏಲಕ್ಕಿ ಗಿಡ, ಕಾಫಿ ಗಿಡಗಳ ನಡುವಿನಿಂದ ಸಂಜೆ ಟಿಕ್ ಟಿಕ್ ಎಂದು ಕೇಳಿಬರುವ ಸದ್ದಿನಲ್ಲಿ ಬಹುಪಾಲು ಇವುಗಳದ್ದೇ. ವಸಂತದ ಅಡ್ಡಮಳೆಗೇ ಕೂಗಲು ತೊಡಗುವುದರಿಂದ ಸ್ವಲ್ಪ ಬೇಗನೆ ಬಂದವರನ್ನೂ ಇವು ನಿರಾಸೆಗೊಳಿಸುವುದಿಲ್ಲ. ಈ ಗುಂಪಿನ ದೊಡ್ಡ ಕುಲವೊಂದಕ್ಕೆ 2010ರಲ್ಲಿ ನಾರಾಯಣರಾಯರ ನೆನಪಿಗಾಗಿ ರಾವೋರ್ಕೆಸ್ಟಿಸ್ ಎಂಬ ಹೆಸರಿಡಲಾಯಿತು.

ಘಟ್ಟಕ್ಕೆ ಬರಲಾಗದವರು ಬೇಸರಪಡಬೇಕಾಗಿಲ್ಲ. ಬೆಂಗಳೂರಿನ ಅಂಚಿನ ರಾಜಾನುಕುಂಟೆಯ ಬಳಿಯಿಂದ 2020ರಲ್ಲಿ ಹೊಸ ಬಿಲಗಪ್ಪೆಯೊಂದನ್ನು ವಿವರಿಸಿ, ನಗರದ ಹೆಸರನ್ನೇ ಅದಕ್ಕೆ ಕೊಡಲಾಗಿದೆ. ಬಯಲುಸೀಮೆಯ ಮೊದಲ ಮಳೆಗೆ ತುಂಬುವ ಹೊಂಡಗಳ ಬಳಿ ಇದೇ ಕ್ರಮದಲ್ಲಿ ಕಾಯಬಹುದು.

ಕತ್ತಲಾದ ಮೇಲೆ

ಮೇ ಕೊನೆಯಲ್ಲಿ ಏಳು ಗಂಟೆಗೆ ಸ್ವಲ್ಪ ಮುಂಚೆ ಸೂರ್ಯ ಮುಳುಗುತ್ತಾನೆ. ಏಳೂವರೆಯಿಂದ ಹತ್ತರವರೆಗಿನ ಹೊತ್ತು ಸಾಕಷ್ಟಾಯಿತು. ಮೂರು ನಾಲ್ಕು ಜನರಿಗಿಂತ ಹೆಚ್ಚು ಬೇಡ. ಹಗಲು ಗುರುತಿಸಿದ ಎಲ್ಲ ನೀರನ್ನೂ ಒಂದೇ ರಾತ್ರಿ ಸುತ್ತುವ ಆಸೆ ಬಿಟ್ಟು ಎರಡನ್ನು ಆರಿಸಿಕೊಳ್ಳಿ.

ಜಾಗಕ್ಕೆ ತಲುಪಿದೊಡನೆ ಎಲ್ಲರೂ ಬೆಳಕು ಆರಿಸಿ ಮಾತಿಲ್ಲದೆ ನಿಲ್ಲಬೇಕು. ಹೆಜ್ಜೆಯ ಸಪ್ಪಳಕ್ಕೆ ನಿಂತ ಕೂಗು ಮತ್ತೆ ಆರಂಭವಾಗಲು ಐದು ನಿಮಿಷವಾದರೂ ಬೇಕು. ಮೊದಲು ಒಂದು ಕಪ್ಪೆ ಕೂಗುತ್ತದೆ, ಅದಕ್ಕೆ ಮತ್ತೊಂದು ಉತ್ತರಿಸುತ್ತದೆ, ನಂತರ ಕೂಗು ಎಲ್ಲ ಕಡೆಯಿಂದಲೂ ಏಳುತ್ತದೆ. ಆಗ ಕಿವಿಯಲ್ಲೇ ಬೇರೆ ಬೇರೆ ಮಾಡಲು ಪ್ರಯತ್ನಿಸಿ: ನೀರಿನ ಮಟ್ಟದಿಂದ ಬರುವ ಸದ್ದು ಯಾವುದು, ಮೊಣಕಾಲೆತ್ತರದ ಪೊದೆಯಿಂದ ಬರುವುದು ಯಾವುದು, ತಲೆಯ ಮೇಲಿನಿಂದ ಬರುವುದು ಯಾವುದು. ಎತ್ತರ ತಿಳಿದರೆ ಅರ್ಧ ಗುರುತು ಸಿಕ್ಕಂತೆ.

ಒಂದು ಕೂಗನ್ನು ಆರಿಸಿಕೊಂಡು ಅದರ ಒಡೆಯನನ್ನು ಹುಡುಕಲು ಇಬ್ಬರು ಬೇಕು. ಪೊದೆಗಪ್ಪೆಗಳ ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಒಬ್ಬರೇ ನಿಂತು ಹೇಳುವುದು ಬಹಳ ಕಷ್ಟ. ಐದಾರು ಮೀಟರ್ ಅಂತರದಲ್ಲಿ ನಿಂತು, ಇಬ್ಬರೂ ಕತ್ತಲಲ್ಲೇ ಸದ್ದು ಬಂದ ದಿಕ್ಕಿಗೆ ಕೈ ಚಾಚಿ, ಒಮ್ಮೆ ಬೆಳಕು ಬಿಟ್ಟು ಎರಡೂ ಕೈಗಳ ನೇರ ಎಲ್ಲಿ ಸೇರುತ್ತದೆಂದು ನೋಡಿದರೆ ಎಲೆ ಯಾವುದೆಂಬುದು ತಿಳಿಯುತ್ತದೆ. ಹತ್ತಿರ ಹೋದಾಗ ಕೂಗು ನಿಂತರೆ ಇದ್ದಲ್ಲಿಯೇ ನಿಲ್ಲಿ, ಬೆಳಕು ಆರಿಸಿ, ಮತ್ತೆ ಕಾಯಿರಿ. ನೆಲದ ಮೇಲಿನ ಕಪ್ಪೆಗಳಿಗೆ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ, ಕಪೋಲದ ಪಕ್ಕಕ್ಕೇ ಹಿಡಿಯಬೇಕು. ಆಗ ಅವುಗಳ ಕಣ್ಣಿನ ಹೊಳಪು ನೇರವಾಗಿ ನಮ್ಮ ಕಡೆಗೆ ಬರುತ್ತದೆ. ಸೂಜಿಮೊನೆಯಂತೆ ಮಿನುಗುವ ಚಿಕ್ಕ ಚುಕ್ಕೆಗಳೆಲ್ಲ ಜೇಡಗಳವು. ತಲೆಗೆ ಕಟ್ಟುವ ಟಾರ್ಚು ಇದ್ದರೆ ಕೈಗಳು ಬಿಡುವಾಗಿರುತ್ತವೆ. ಅದರ ಗಾಜಿಗೆ ಕೆಂಪು ಕಾಗದ ಅಂಟಿಸಿಕೊಂಡರೆ ಕೂಗುವ ಕಪ್ಪೆಗೆ ತೊಂದರೆ ಕಡಿಮೆ.

ಮುಟ್ಟಬಾರದು ಎಂಬ ನಿಯಮಕ್ಕೆ ವಿನಾಯಿತಿ ಕೊಡುವ ಅಗತ್ಯ ನೋಡಲು ಬಂದವರಿಗೆ ಎಂದೂ ಬರುವುದಿಲ್ಲ. ಕಪ್ಪೆಯ ಚರ್ಮ ನೀರನ್ನೂ ಗಾಳಿಯನ್ನೂ ಒಳಗೆ ಬಿಟ್ಟುಕೊಳ್ಳುವಂಥದ್ದು. ನಮ್ಮ ಕೈಗೆ ಹಚ್ಚಿದ ಸೊಳ್ಳೆ ಎಣ್ಣೆ, ಸೋಪು, ಮುಲಾಮುಗಳೆಲ್ಲ ಅದರ ಮೈಯೊಳಗೆ ಹೋಗುತ್ತವೆ. ಜೊತೆಯಲ್ಲಿರುವ ಗಂಡು ಹೆಣ್ಣುಗಳನ್ನು ಕಂಡರೆ ಒಂದೆರಡು ಚಿತ್ರ ತೆಗೆದು ಬೆಳಕು ತಿರುಗಿಸಿಬಿಡಿ. ಚಿತ್ರ ಚೆನ್ನಾಗಿ ಬರಲೆಂದು ಎಲೆ ಕೀಳುವುದು, ಕೊಂಬೆ ಬಗ್ಗಿಸುವುದು, ಕಪ್ಪೆಯನ್ನು ಹೂವಿನ ಮೇಲೆ ಕೂರಿಸುವುದು ಇವೆಲ್ಲ ನನಗೆ ತೀರ ನೋವು ತರುವ ಸಂಗತಿಗಳು. ಮುದ್ರಿಸಿಕೊಂಡ ಕೂಗನ್ನು ಫೋನಿನಲ್ಲಿ ನುಡಿಸಿ ಗಂಡನ್ನು ಕೆರಳಿಸುವುದೂ ಬೇಡ. ವರ್ಷದಲ್ಲಿ ಕೆಲವೇ ರಾತ್ರಿಗಳು ಅದಕ್ಕೆ ಸಿಗುತ್ತವೆ. ಆ ಹೊತ್ತನ್ನು ನಾವು ಕಿತ್ತುಕೊಳ್ಳಬಾರದು.

ಕಪ್ಪೆಯ ಜೊತೆಗೆ ಕಾಣುವ ಜೀವಗಳು

ಹಗಲು ಬಿಸಿಲು ಬಿದ್ದಾಗ ಅಡಿಕೆ ಮರಗಳ ಕಾಂಡಗಳನ್ನು ನೋಡುತ್ತ ನಡೆಯಿರಿ. ತೊಗಟೆಯ ಬಣ್ಣದ್ದೇ ಆದ ಹಾರುವ ಓತಿ ಗಂಟಲಿನ ಹಳದಿ ಬೀಸಣಿಗೆಯನ್ನು ಬಿಚ್ಚಿ ಮುಚ್ಚಿ ಮಾಡುವಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಅದು ಮರದ ಮೇಲಿನಿಂದ ಜಾರಿ ಮುಂದಿನ ಮರದ ಕೆಳಭಾಗಕ್ಕೆ ಬಂದು, ಇರುವೆ ಹೆಕ್ಕುತ್ತ ಮತ್ತೆ ಮೇಲಕ್ಕೇರುತ್ತದೆ. ಆದ್ದರಿಂದ ಒಮ್ಮೆ ಕಂಡರೆ ಅಲ್ಲೇ ಕುಳಿತರೆ ಸಾಕು, ಮುಂದಿನ ಹಾರಾಟ ಕಾಣುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಮಣ್ಣಿನಲ್ಲಿ ಮೊಟ್ಟೆಯಿಡಲು. ಮುಂಗಾರಿಗೆ ಮುಂಚಿನ ರಾತ್ರಿಗಳಲ್ಲಿ ಮಿಂಚುಹುಳಗಳು ಇಡೀ ಮರವನ್ನು ತುಂಬಿ ಒಟ್ಟಿಗೆ ಮಿನುಗುವುದುಂಟು. ಆ ಬೆಳಕೇ ಅವುಗಳ ಮಾತು. ಅಲ್ಲಿ ಟಾರ್ಚು ಬಿಡಬಾರದು. ಹಳ್ಳದ ಬದಿಯಲ್ಲಿ ಏಡಿಗಳು, ತರಗೆಲೆಯಲ್ಲಿ ಚೋರಟೆಗಳು ಹೇಗೂ ಇರುತ್ತವೆ.

ಕಪ್ಪೆ ಇದ್ದಲ್ಲಿ ಹಾವು ಇರುತ್ತದೆ. ಮಲಬಾರ್ ಗುಳಿಮಂಡಲ ಹಳ್ಳದ ಪಕ್ಕದ ಪೊದೆಯಲ್ಲಿ ನಮ್ಮ ಸೊಂಟದೆತ್ತರಕ್ಕೆ ಸುರುಳಿ ಸುತ್ತಿ, ರಾತ್ರಿಯೆಲ್ಲ ಅಲುಗದೆ ಕಪ್ಪೆಗಾಗಿ ಕಾಯುತ್ತದೆ. ಹಸಿರು, ಕಂದು, ಹಳದಿ ಹೀಗೆ ಇದರ ಬಣ್ಣ ಹಾವಿನಿಂದ ಹಾವಿಗೆ ಬೇರೆ. ಆದ್ದರಿಂದ ಬೆಳಕು ಬಿಟ್ಟು ನೋಡದೆ 

ಯಾವ ಕೊಂಬೆಯನ್ನೂ ಹಿಡಿಯಬಾರದು. ಕಾಳಿಂಗ ಸರ್ಪದ ಹೆಣ್ಣು ಮುಂಗಾರಿಗೆ ಮುಂಚೆ ತರಗೆಲೆಗಳನ್ನು ಒಟ್ಟುಗೂಡಿಸಿ ಗೂಡು ಮಾಡಿ ಮೊಟ್ಟೆ ಕಾಯುವ ಕಾಲವೂ ಇದೇ. ಬಿದಿರಿನ ಬುಡದಲ್ಲಿ ಅಸಹಜವಾಗಿ ಎತ್ತರವಾದ ಎಲೆರಾಶಿ ಕಂಡರೆ ಹಿಂದಕ್ಕೆ ಸರಿದು ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ಕಾಳಿಂಗ ಎಂಬ ನಮ್ಮ ಹೆಸರನ್ನೇ ಅದಕ್ಕೆ ಇಡಲಾಗಿದೆ.

ಮೈ ಕಾಪಾಡಿಕೊಳ್ಳುವುದು

ಮೊಣಕಾಲಿನವರೆಗಿನ ಗಮ್ ಬೂಟು, ಉದ್ದ ತೋಳಿನ ಅಂಗಿ, ಎರಡು ಟಾರ್ಚು ಕಡ್ಡಾಯ. ಭಾರತದಲ್ಲಿ ದೊರೆಯುವ ಹಾವಿನ ವಿಷದ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷಕ್ಕೆ ತಯಾರಾದದ್ದು. ಗುಳಿಮಂಡಲಗಳ ಕಡಿತಕ್ಕೆ ಅದನ್ನು ನಂಬುವಂತಿಲ್ಲ. ಕಡಿದರೆ ಕೊಯ್ಯುವುದು, ಕಟ್ಟುವುದು, ಚೀಪುವುದು ಯಾವುದನ್ನೂ ಮಾಡದೆ, ಕಡಿದ ಅಂಗವನ್ನು ಅಲುಗಿಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ಹತ್ತಿರದ ದೊಡ್ಡ ಆಸ್ಪತ್ರೆ ಯಾವುದೆಂದು ಹೊರಡುವ ಮೊದಲೇ ತಿಳಿದಿರಲಿ.

ಇಂಬಳಕ್ಕೆ ಹೆದರುವವರು ಬಹಳ, ಆದರೆ ಅದರಿಂದ ರಕ್ತ ಹೋಗುವುದು ಬಿಟ್ಟರೆ ದೊಡ್ಡ ಕೇಡಿಲ್ಲ. ಸುಣ್ಣ, ಹೊಗೆಸೊಪ್ಪು, ಉಪ್ಪನ್ನು ಬೂಟಿನ ಕಂಠಕ್ಕೆ ಹಚ್ಚಿಕೊಳ್ಳಬಹುದು. ಹಚ್ಚಿಕೊಂಡ ಮೇಲೆ ನೀರಿಗಿಳಿಯಬಾರದು. ನಿಜವಾಗಿ ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಮತ್ತು ಅದರ ಕಾಲ ಚಳಿಗಾಲದಿಂದ ಮುಂಗಾರು ಹಿಡಿಯುವವರೆಗೆ, ಎಂದರೆ ನಾವು ಹೊರಡುವ ದಿನಗಳವರೆಗೂ ಇರುತ್ತದೆ. ಸುತ್ತಲಿನ ಕಾಡಿನಲ್ಲಿ ಮಂಗಗಳು ಸತ್ತ ಸುದ್ದಿಯಿದ್ದರೆ ಆ ಕಡೆ ಹೋಗುವುದೇ ಬೇಡ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಹಗಲು ಬೆಟ್ಟ ಹತ್ತುವಾಗ ಹಚ್ಚಿಕೊಳ್ಳಿ, ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಿ. ಆಮೇಲೆ ಕೆಲವು ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಮರಳುವಾಗ ವಾಹನವನ್ನು ಬಹಳ ನಿಧಾನವಾಗಿ ಓಡಿಸಿ. ಮಳೆ ನಿಂತ ರಾತ್ರಿ ಕಪ್ಪೆಗಳು ರಸ್ತೆ ದಾಟುವುದು ಹೆಚ್ಚು, ಟಾರಿನ ಬಿಸುಪಿಗೆ ಅಲ್ಲೇ ಕುಳಿತುಬಿಡುವುದೂ ಉಂಟು. ದಿನವಿಡೀ ಕಪ್ಪೆಗೆ ತೊಂದರೆಯಾಗದಂತೆ ನಡೆದವರು ಹಿಂತಿರುಗುವ ದಾರಿಯಲ್ಲಿ ಹತ್ತನ್ನು ಚಕ್ರದಡಿಗೆ ಹಾಕುವುದು ಆಗಬಾರದು.

ಬರೆದಿಡುವುದು ಮತ್ತು ತೊಳೆಯುವುದು

ಕಂಡದ್ದನ್ನು ಅದೇ ರಾತ್ರಿ ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ತಾರೀಖು, ಹೊತ್ತು, ಊರು, ಮಳೆ ನಿಂತು ಎಷ್ಟು ಹೊತ್ತಾಗಿತ್ತು, ಯಾವ ಬಗೆಯ ನೀರು, ನೀರಿನಿಂದ ಎಷ್ಟು ಎತ್ತರ, ಏನು ಮಾಡುತ್ತಿತ್ತು ಇಷ್ಟಿರಲಿ. ಕೂಗನ್ನು ಫೋನಿನಲ್ಲಿ ಒಂದು ನಿಮಿಷ ಮುದ್ರಿಸಿಕೊಂಡು, ಕೊನೆಯಲ್ಲಿ ನಿಮ್ಮದೇ ದನಿಯಲ್ಲಿ ಜಾಗ ಮತ್ತು ಹೊತ್ತನ್ನು ಹೇಳಿಬಿಟ್ಟರೆ ಮುಂದೆ ಗೊಂದಲವಾಗುವುದಿಲ್ಲ. ನೋಡಲು ಒಂದೇ ರೀತಿಯಿರುವ ಪೊದೆಗಪ್ಪೆಗಳನ್ನು ತಜ್ಞರು ಬೇರ್ಪಡಿಸುವುದೇ ಎಷ್ಟೋ ಸಲ ಕೂಗಿನಿಂದ. ಚಿತ್ರ ತೆಗೆಯುವಾಗ ಪಕ್ಕದಿಂದ ಒಂದು, ಮೇಲಿನಿಂದ ಒಂದು, ಬೆರಳ ತುದಿ ಮತ್ತು ಪೊರೆ ಕಾಣುವಂತೆ ಒಂದು ಸಿಕ್ಕರೆ ಗುರುತಿಸಲು ಸಾಕು. ಇವನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿದರೆ ತಿಳಿದವರು ಹೆಸರು ಸೂಚಿಸುತ್ತಾರೆ. ಅಪರೂಪದ ಕಪ್ಪೆಯಾದರೆ ನಿಖರ ಸ್ಥಳವನ್ನು ಮರೆಮಾಡುವ ಸೌಲಭ್ಯವನ್ನು ಬಳಸಿ, ತೋಟದ ಯಜಮಾನರ ಹೆಸರನ್ನು ಎಲ್ಲಿಯೂ ಹಾಕಬೇಡಿ.

ಮಾರನೆಯ ಬೆಳಗ್ಗೆ ಆರರಿಂದ ಎಂಟರವರೆಗೆ ಕೆರೆಯ ಕೊಂಬೆಗಳನ್ನೂ ತೊಟ್ಟಿಯ ಗೋಡೆಯನ್ನೂ ನೋಡಿ, ನೊರೆಗೂಡುಗಳನ್ನು ಎಣಿಸಿಕೊಳ್ಳಿ. ಒಂದು ವಾರದ ನಂತರ ಅವುಗಳ ಕೆಳಗಿನ ನೀರಿನಲ್ಲಿ ಗೊದಮೊಟ್ಟೆ ಕಂಡವೇ ಎಂದು ಮನೆಯವರನ್ನು ಕೇಳಿದರೆ ನಿಮ್ಮ ದಾಖಲೆ ಪೂರ್ತಿಯಾಗುತ್ತದೆ. ಬೂಟುಗಳ ಕೆಸರನ್ನು ಅಲ್ಲಿಯೇ, ಹಳ್ಳದಿಂದ ದೂರದಲ್ಲಿ, ಬ್ರಷ್ಷಿನಿಂದ ಉಜ್ಜಿ ತೆಗೆದು, ಮನೆಗೆ ಬಂದ ಮೇಲೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಜಗತ್ತಿನ ಹಲವೆಡೆ ಕಪ್ಪೆಗಳ ಸಂತತಿಯನ್ನೇ ಅಳಿಸಿದ ಕೈಟ್ರಿಡ್ ಎಂಬ ಶಿಲೀಂಧ್ರ ಒದ್ದೆ ಕೆಸರಿನ ಮೂಲಕ ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗಬಲ್ಲದು, ಅದು ಪಶ್ಚಿಮ ಘಟ್ಟದಲ್ಲಿಯೂ ಪತ್ತೆಯಾಗಿದೆ. ಬೂಟು ಒಣಗದೆ ಬೇರೆ ಊರಿನ ಹಳ್ಳಕ್ಕೆ ಹೋಗಬೇಡಿ. ಬಿಸಿಲಿಲ್ಲದ ದಿನವಾದರೆ ಒಲೆಯ ಮುಂದೆ ಎರಡು ದಿನ ಇಟ್ಟರೂ ನಡೆದೀತು.